ನಿಂತ ಗಿರಣಿಯ ಹೊಗೆ

ಎಂಬತ್ತರ ದಶಕದ ಮಾತು. ಶಾಖ ಹಿಡಿದಿಡುವ ಅನಿಲಗಳು ವಾತಾವರಣದಲ್ಲಿ ಹೆಚ್ಚುತ್ತಿವೆ ಎಂಬ ಸುದ್ದಿ ಬಳ್ಳಾರಿಯ ನಮ್ಮ ಪತ್ರಿಕಾ ಕಚೇರಿಗೆ ಟೆಲಿಪ್ರಿಂಟರಿನಲ್ಲಿ ಬಂತು. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಡುವುದು, ಕಾಡು ಕಡಿಯುವುದು, ನೀರು ನಿಂತ ಭತ್ತದ ಗದ್ದೆ ಇವೆಲ್ಲ ಕಾರಣವಂತೆ. ಮೇ ತಿಂಗಳ ಬಳ್ಳಾರಿಯಲ್ಲಿ ಕೂತವರಿಗೆ ಭೂಮಿ ಬಿಸಿಯಾಗಲಿದೆ ಎಂಬುದು ಸುದ್ದಿಯೇ ಅಲ್ಲ.

"ನಮ್ಮ ಜಿಲ್ಲಾದ್ದು ಏನರ ಐತೇನ್ರಿ ಇದರಾಗ?" ಎಂದರು ಸಂಪಾದಕರು.

ಭತ್ತ ಎಂದರೆ ಸಿರುಗುಪ್ಪ. ಮರುದಿನ ಬಸ್ಸು ಹತ್ತಿದೆ.

ಅಲ್ಲಿ ಪರಿಚಯದ ಅಕ್ಕಿ ಗಿರಣಿ ಮಾಲೀಕರೊಬ್ಬರಿದ್ದರು. ಶಾಫ್ಟ್ ಮುರಿದು ಅವರ ಗಿರಣಿ ನಿಂತಿತ್ತು. ಆದರೂ ಚಿಮಣಿಯಿಂದ ಕಡುಗಪ್ಪು ಹೊಗೆ ಏಳುತ್ತಿತ್ತು.

"ಮಗಳನ್ನ ನೋಡಾಕ ಕುರುಗೋಡಿನವರು ಬರಾಕತ್ತ್ಯಾರ್ರಿ. ಚಿಮಣಿ ಸುಮ್ಮನಿದ್ರ ಸಾಹುಕಾರ ಮುಳುಗ್ಯಾನ ಅಂತಾರ. ಈ ಸಂಬಂಧ ತಪ್ಪಬಾರದು" ಎಂದರು. ಗಿರಣಿಯವರೊಡನೆ ಬೀಗತನ ಬೆಳೆಸುವವರು ಮನೆಗಿಂತ ಮೊದಲು ಚಿಮಣಿ ನೋಡುತ್ತಿದ್ದ ಕಾಲವದು. ಭತ್ತದ ಹೊಟ್ಟು ಹಸಿಯಾಗಿದ್ದರಿಂದ ಹಳೆಯ ಲಾರಿ ಟೈರು ಹಾಕಿಸಿದ್ದರು.

ಹೊಟ್ಟು ಸುಟ್ಟ ಅನಿಲವನ್ನು ಮುಂದಿನ ಬೆಳೆ ಹೀರಿಕೊಳ್ಳುತ್ತದೆ, ಟೈರು ಸುಟ್ಟರೆ ನೆಲದಡಿಯ ಎಣ್ಣೆಯನ್ನೇ ಗಾಳಿಗೆ ಬಿಟ್ಟಂತೆ ಎಂದು ಓದಿದ್ದನ್ನು ಹೇಳಿದೆ.

"ಹೊಗಿ ಎಲ್ಲಿಗಾದ್ರೂ ಹೋಗ್ಲಿ ಬಿಡ್ರಿ. ತೆಕ್ಕಲಕೋಟಿ ದಾಟಿದ ಕೂಡ್ಲೆ ಅವರಿಗೆ ಕಾಣಬೇಕು."

ಕಂಡಿರಬೇಕು. ಜೀಪು ಬಂತು. ಗಂಡಿನ ತಂದೆ ಇಳಿದರು, ಗಂಡು ಇಳಿದ, ಎಂಜಿನ್ ಮಾತ್ರ ಬಂದ್ ಆಗಲಿಲ್ಲ. "ಚಾಲೂ ಇರ್ಲಿ, ನಾವು ಲಗೂನ ಹೊಂಡೋರು" ಎಂದು ಆ ಹಿರಿಯರು ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡರು.

ಆಗ ಗಾಳಿ ತಿರುಗಿತು. ಹೊಗೆ ಅಂಗಳಕ್ಕಿಳಿಯಿತು. ಬಿಳಿ ಧೋತರದ ಮೇಲೆ ಮಸಿ, ಉಪ್ಪಿಟ್ಟಿನ ಮೇಲೂ ಮಸಿ. ಚಹಾ ತಂದ ಹುಡುಗಿ ಕೆಮ್ಮುತ್ತ ನಿಂತಳು.

"ಅಡಿಗಿ ಬರ್ತೈತೇನವ್ವ?" ಎಂದು ಗಂಡಿನ ತಂದೆ ಕೇಳಿದರು.

"ಬರ್ತೈತ್ರಿ. ಆದ್ರ ಈ ಹೊಗಿ ನಂದಲ್ರಿ, ಅಪ್ಪಾಂದು. ಟೈರ್ ಸುಡಾಕತ್ತ್ಯಾನ. ಗಿರಣಿ ಶಾಫ್ಟ್ ಮುರದೈತಿ."

ಮಾಲೀಕರ ಮುಖ ಉಪ್ಪಿಟ್ಟಿಗಿಂತ ಕಪ್ಪಾಯಿತು. ಸಂಬಂಧ ಮುರಿಯಿತೆಂದೇ ಎಲ್ಲರೂ ತಿಳಿದೆವು. ಹೊರಗೆ ಜೀಪು ಗಡಗಡ ಎನ್ನುತ್ತಲೇ ಇತ್ತು. ಹುಡುಗಿ ಅದರತ್ತ ನೋಡಿದಳು.

"ಅದನ್ಯಾಕ್ರಿ ಬಂದ್ ಮಾಡಿಲ್ಲ?"

ಅಲ್ಲಿಯವರೆಗೆ ಬಾಯಿ ಬಿಡದ ಗಂಡು ಹೇಳಿದ: "ಬಂದ್ ಮಾಡಿದ್ರ ದೂಕಬೇಕಾಗ್ತೈತಿ. ಜೀಪ್ ನಮ್ಮದಲ್ಲ, ಮಾವಂದು."

"ಸುಮ್ಕಿರಲೇ!" ಎಂದರು ತಂದೆ. ಆದರೆ ಹುಡುಗಿ ನಕ್ಕಾಗಿತ್ತು, ಅವಳನ್ನು ನೋಡಿ ಹುಡುಗನೂ ನಕ್ಕ. ಎದ್ದು ಹೋಗಿ ಎಂಜಿನ್ ಆರಿಸಿ ಬಂದ. ಮಾಲೀಕರು ಗಿರಣಿಯ ಒಲೆಗೆ ನೀರು ಹೊಯ್ಯಿಸಿದರು. ಸಂಜೆಯೊಳಗೆ ಮಾತು ಪಕ್ಕಾ ಆಯಿತು.

ಹೊರಡುವಾಗ ಹೊಸ ಬೀಗರಿಬ್ಬರೂ ಭುಜಕ್ಕೆ ಭುಜ ಕೊಟ್ಟು ಜೀಪು ದೂಕಿದರು. ಜಿಲ್ಲೆಯ ವರದಿಗಾರನಾಗಿ ನಾನೂ ಕೈ ಹಚ್ಚಿದೆ. ಚಾಲೂ ಆದದ್ದೇ ನಮ್ಮ ಮುಖಕ್ಕೆ ಕಪ್ಪು ಹೊಗೆ ಉಗುಳಿತು. ಕಚೇರಿಗೆ ಒಯ್ಯಬೇಕಾದ ವರದಿಯ ಬಹುಭಾಗ ನನ್ನ ಮುಖದ ಮೇಲೆಯೇ ಅಚ್ಚಾಗಿತ್ತು.