ಮೈಕಿನಿಂದ ಹಿಂದೆ ಸರಿಯುವ ಬೆನೆಡಿಕ್ಟ್ ಪಾಯ್ಸ್

ಏಸಿ ನಿಲ್ಲಿಸಿ ಹೆಚ್ಚು ಹೊತ್ತಾಗಿಲ್ಲ, ಆಗಲೇ ಬೆನೆಡಿಕ್ಟ್ ಪಾಯ್ಸ್ ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿದೆ. ದುಬೈಯ ಜುಮೇರಾ ಲೇಕ್ ಟವರ್ಸ್‌ನ ಕಟ್ಟಡವೊಂದರಲ್ಲಿರುವ ಈ ಕೋಣೆ ಮೊದಲು ಯಾವುದೋ ಆಫೀಸಿನ ಉಗ್ರಾಣವಾಗಿತ್ತು. ಈಗ ಗೋಡೆಗೆ ಸ್ಪಂಜು ಅಂಟಿಸಿ, ಬಾಗಿಲಿಗೆ ಕಂಬಳಿ ತೂಗುಹಾಕಿ ಅದನ್ನೇ ಸ್ಟುಡಿಯೊ ಎನ್ನುತ್ತಾರೆ. ಏಸಿಯ ಗುಂಯ್‌ಗುಡುವಿಕೆ ಮೈಕಿಗೆ ಬೀಳುವುದರಿಂದ ಹಾಡುವಷ್ಟು ಹೊತ್ತು ಬೆವರಲೇಬೇಕು. ಹೊರಗೆ ಬೆಳಕು ಈಗಷ್ಟೇ ಹರಿಯುತ್ತಿದೆ, ಆದರೆ ಜುಲೈ ತಿಂಗಳ ದುಬೈ ಸುಡಲು ಸೂರ್ಯನಿಗಾಗಿ ಕಾಯುವುದಿಲ್ಲ.

ಕೋಣೆಯನ್ನು ಎರಡಾಗಿಸುವ ಗಾಜಿನ ಈಚೆ ಕಂಪ್ಯೂಟರಿನ ಮುಂದೆ ಹರಿಣಾಕ್ಷಿ ಕುಳಿತಿದ್ದಾರೆ. ಕಾರ್ಕಳದವರು, ಈ ಸ್ಟುಡಿಯೊದಲ್ಲಿ ಧ್ವನಿಮುದ್ರಣದ ಕೆಲಸ. ಮಾಲೀಕರನ್ನು ಕಾಡಿ ಬೇಡಿ ಬೆಳಗಿನ ಈ ಖಾಲಿ ಹೊತ್ತನ್ನು ಪಾಯ್ಸ್ ಅವರಿಗಾಗಿ ಕೊಡಿಸಿದ್ದಾರೆ. ಎಂಟು ಗಂಟೆಗೆ ಜಾಹೀರಾತಿನವರು ಬಂದು ಬಾಗಿಲು ತಟ್ಟುತ್ತಾರೆ. ಪಕ್ಕದ ಕುರ್ಚಿಯಲ್ಲಿ ಬಿಸಿನೀರಿನ ಫ್ಲಾಸ್ಕ್ ತೊಡೆಯ ಮೇಲಿಟ್ಟುಕೊಂಡು ಕೂತವರು ಪಾಯ್ಸ್ ಅವರ ಹೆಂಡತಿ ಸಿಸಿಲಿಯಾ. ಅವರ ಮುಖ ನೋಡಿದರೆ ಮಾತಾಡಿಸಲು ಧೈರ್ಯ ಬರುವುದಿಲ್ಲ.

ಸಿಟ್ಟಿಗೆ ಕಾರಣವಿದೆ. ಪಾಯ್ಸ್ ಅವರ ಗಂಟಲಿನ ಧ್ವನಿತಂತುವಿನಲ್ಲಿ ಒಂದು ಗಂಟು ಬೆಳೆದಿದೆ. ಸೋಮವಾರ ಆಪರೇಷನ್. ಅಲ್ಲಿಯವರೆಗೆ ಬಾಯಿಯನ್ನೇ ತೆರೆಯಬಾರದೆಂದು ಡಾಕ್ಟರು ಹೇಳಿದ್ದಾರೆ. ಸಿಸಿಲಿಯಾ ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ನರ್ಸ್, ಆ ಮಾತಿನ ಅರ್ಥ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

"ಮಾತು ವಾಪಸ್ ಬರ್ತದೆ ಅಂದ್ರು. ಹಾಡಿನದ್ದು ಗ್ಯಾರಂಟಿ ಇಲ್ಲ ಅಂದ್ರು," ಎನ್ನುತ್ತಾರೆ ಅವರು. "ಇವತ್ತು ಶನಿವಾರ. ಎರಡೇ ಸಲ ಹಾಡ್ಲಿಕ್ಕೆ ಬಿಡ್ತೇನೆ ಅಂತ ಹೇಳಿ ಕರ್ಕೊಂಡು ಬಂದದ್ದು."

ಬಾಕಿ ಇರುವುದು ಒಂದೇ ಹಾಡು. ಸೋಲ್ ಮತ್ತು ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಇಗರ್ಜಿಗಳಿಂದಲೂ ಹೊಲಗಳಿಂದಲೂ ಎದ್ದುಬಂದ ಹಾಡುಗಳು. ಅವುಗಳಲ್ಲಿ ತಮಗೆ ಬೇಕಾದ ಕೆಲವನ್ನು ಆರಿಸಿ ಪಾಯ್ಸ್ ತಮ್ಮ ದನಿಯಲ್ಲಿ ಆಲ್ಬಂ ಮಾಡುತ್ತಿದ್ದಾರೆ. ಅರುವತ್ತು ದಾಟಿದ ಮೇಲೆ ಇದು ಅವರ ಮೊದಲ ಆಲ್ಬಂ. ಮೆಲುದನಿಯ ಹಾಡುಗಳೆಲ್ಲ ಮುಗಿದಿವೆ. ಉಳಿದಿರುವುದು ಮನೆಯಿಂದ ಹೊರದಬ್ಬಿಸಿಕೊಂಡವನೊಬ್ಬ ಮುಚ್ಚಿದ ಬಾಗಿಲ ಮುಂದೆ ನಿಂತು ಕೂಗುವ ಹಾಡು. ಅದರ ಕೊನೆಯ ಸಾಲು ಹಾಡೇ ಅಲ್ಲ, ಒಂದು ಉದ್ದನೆಯ ಕರೆ.

ಪಾಯ್ಸ್ ಶುರು ಮಾಡುತ್ತಾರೆ. ಕೆಳಸ್ವರದಲ್ಲಿ ಒರಟು ದನಿ. ಹಾಡು ಏರುತ್ತದೆ. ಕೂಗು ಬರಬೇಕಾದ ಜಾಗಕ್ಕೆ ಸರಿಯಾಗಿ ಅವರು ಮೈಕಿನಿಂದ ಒಂದು ಹೆಜ್ಜೆ ಹಿಂದಕ್ಕಿಡುತ್ತಾರೆ, ದನಿ ತಗ್ಗುತ್ತದೆ. ಬಾಗಿಲ ಮುಂದೆ ನಿಂತವನು ಕೂಗುವ ಬದಲು ಕ್ಷಮೆ ಕೇಳಿ ಹೊರಟುಹೋದ ಹಾಗೆ ಹಾಡು ಮುಗಿಯುತ್ತದೆ.

"ಪೊರ್ಬುಗಳೇ, ಪುನಃ ಹಿಂದೆ ಹೋದ್ರಿ ಮಾರಾಯ್ರೆ!" ಹರಿಣಾಕ್ಷಿ ತಲೆಗೆ ಕೈಯಿಟ್ಟುಕೊಳ್ಳುತ್ತಾರೆ. ಊರ ಕಡೆ ಕ್ರೈಸ್ತರನ್ನು ಪೊರ್ಬು ಎಂದು ಕರೆಯುವುದು ತುಳುವಿನ ರೂಢಿ.

ಈ ಹಿಂದೆ ಸರಿಯುವುದರಲ್ಲೇ ಪಾಯ್ಸ್ ಅವರ ಇಡೀ ಬದುಕಿದೆ. ಕಿನ್ನಿಗೋಳಿಯ ಇಗರ್ಜಿಯಲ್ಲಿ ಹಾಡುತ್ತಿದ್ದ, ಮದುವೆ ಮನೆಗಳ ಬ್ಯಾಂಡಿನಲ್ಲಿ ಬೇಡಿಕೆಯಿದ್ದ ಹುಡುಗ ಅವರು. ಅಬುಧಾಬಿಗೆ ಬಂದು ಹಮ್ದಾನ್ ಸ್ಟ್ರೀಟ್ ಬಳಿಯ ಹೋಟೆಲೊಂದರಲ್ಲಿ ಸೇರಿ ಮೂವತ್ತು ವರ್ಷ ಕಳೆಯಿತು. ಅತಿಥಿಗಳು ಊಟ ಮಾಡುವಾಗ ಮೂಲೆಯಲ್ಲಿ ನಿಂತು ಹಾಡುವುದು ಕೆಲಸ. ಯಾರೂ ತಟ್ಟೆಯಿಂದ ತಲೆಯೆತ್ತಿ ನೋಡಬಾರದು. ನೋಡಿದರೆ ದನಿ ಜೋರಾಯಿತೆಂದೇ ಲೆಕ್ಕ.

"ಹೊಸತರಲ್ಲಿ ಮ್ಯಾನೇಜರ್ ಬಂದು 'ಬೆನೆಡಿಕ್ಟ್, ಕಮ್ಮಿ ಕಮ್ಮಿ' ಅಂತಿದ್ದ. ಆಮೇಲೆ ಅವ ಹೇಳೋದೇ ಬೇಡ ಆಯ್ತು, ಕಾಲು ತನ್ನಷ್ಟಕ್ಕೆ ಹಿಂದೆ ಹೋಗ್ತದೆ," ಎಂದು ಪಾಯ್ಸ್, ಡಾಕ್ಟರು ಮಾತು ನಿಲ್ಲಿಸುವ ಮೊದಲು, ಇದನ್ನು ಬರೆಯಲೆಂದು ಹೋಗಿದ್ದ ನನ್ನ ಬಳಿ ಹೇಳಿಕೊಂಡಿದ್ದರು. ಹೇಳುವಾಗ ನಕ್ಕರು. ನನಗೆ ನಗು ಬರಲಿಲ್ಲ. ಇಂಥ ದನಿಯನ್ನು ಚಮಚದ ಸದ್ದಿಗಿಂತ ಕೆಳಗಿಟ್ಟ ಆ ಊಟದ ಕೋಣೆಯ ಮೇಲೆ ಇವತ್ತಿಗೂ ನನಗೆ ಸಿಟ್ಟಿದೆ.

ಈ ಹಾಡುಗಳನ್ನು ಅವರಿಗೆ ಹತ್ತಿಸಿದವರು ಅದೇ ಹೋಟೆಲಿನಲ್ಲಿ ಪಿಯಾನೋ ನುಡಿಸುತ್ತಿದ್ದ ಒಬ್ಬ ಹಿರಿಯ ಕಪ್ಪು ಅಮೆರಿಕನ್. ಬಿಡುವಿನಲ್ಲಿ, ಅಡುಗೆಮನೆಯ ಹಿಂದಿನ ಓಣಿಯಲ್ಲಿ ನಿಂತು ಒಂದೊಂದೇ ಹಾಡು ಕಲಿಸಿದರಂತೆ. "ನಮ್ಮಲ್ಲಿ ಗುಡ್ ಫ್ರೈಡೇ ದಿವಸ ಅಜ್ಜಿಯಂದಿರು ಅಳ್ತಾ ಹಾಡ್ತಾರಲ್ಲ, ಇದೂ ಅದೇ. ಭಾಷೆ ಬೇರೆ, ಅಷ್ಟೇ," ಎಂದಿದ್ದ ಪಾಯ್ಸ್, ಹೋಟೆಲಿನಲ್ಲಿ ಮಾತ್ರ ಅವನ್ನು ಒಮ್ಮೆಯೂ ಹಾಡಿಲ್ಲ. ಊಟದ ಹೊತ್ತಿಗೆ ಅಳು ಯಾರಿಗೆ ಬೇಕು? "ನನಗೆ ಹೆಸರು ಬರ್ಬೇಕು ಅಂತೆಲ್ಲ ಇಲ್ಲ. ಒಂದು ಹಾಡನ್ನಾದ್ರೂ ಬಾಯಿತುಂಬ ಹಾಡಿ ಇಡ್ಬೇಕು."

ಎರಡನೇ ಸಲ ಶುರುವಾಗುತ್ತದೆ. ಗಡಿಯಾರ ಆರು ದಾಟಿದೆ. ಈ ಸಲ ಹರಿಣಾಕ್ಷಿ ಮೈಕನ್ನು ಅವರ ತುಟಿಯ ಹತ್ತಿರಕ್ಕೇ ಎಳೆದು ನಿಲ್ಲಿಸಿದ್ದಾರೆ. ಹಾಡು ಏರುತ್ತದೆ, ಪಾಯ್ಸ್ ಕಣ್ಣು ಮುಚ್ಚುತ್ತಾರೆ. ಕಾಲು ಮತ್ತೆ ಹಿಂದಕ್ಕೆ ಹೋಗುತ್ತದೆ. ಜೊತೆಗೊಂದು ಕೆಮ್ಮು.

"ಖಲಾಸ್," ಸಿಸಿಲಿಯಾ ಎದ್ದು ನಿಲ್ಲುತ್ತಾರೆ.

ಪಾಯ್ಸ್ ವಾದ ಮಾಡುವುದಿಲ್ಲ. ಗೋಗರೆಯುವುದೂ ಇಲ್ಲ. ಹೆಡ್‌ಫೋನ್ ತೆಗೆದು, ಅದರ ವಯರನ್ನು ಅಚ್ಚುಕಟ್ಟಾಗಿ ಸುತ್ತಿ ಸ್ಟ್ಯಾಂಡಿಗೆ ಸಿಕ್ಕಿಸಿ, ಹೋಟೆಲಿನಲ್ಲಿ ಪಾಳಿ ಮುಗಿಸಿ ಹೊರಡುವಂತೆ ಹರಿಣಾಕ್ಷಿಯವರಿಗೆ ತಲೆಬಾಗುತ್ತಾರೆ. ನೋಡುತ್ತಿದ್ದ ಸಿಸಿಲಿಯಾರ ಮುಖದಲ್ಲಿ ಏನೋ ಬದಲಾಗುತ್ತದೆ. ಗಂಡ ಬೈದಿದ್ದರೆ, ಜಗಳವಾಡಿದ್ದರೆ ಅವರು ತಡೆದುಕೊಳ್ಳುತ್ತಿದ್ದರೋ ಏನೋ.

"ನೋಡಿ ಇವರನ್ನು! ಯಾರು ಎಂತ ಹೇಳಿದ್ರೂ ಹೂಂ. ಮ್ಯಾನೇಜರಿಗೂ ಹೂಂ, ನನಗೂ ಹೂಂ," ಎನ್ನುತ್ತ ಫ್ಲಾಸ್ಕನ್ನು ಕುರ್ಚಿಯ ಮೇಲೆ ಕುಕ್ಕಿ ಅವರು ಒಳಗೆ ನುಗ್ಗುತ್ತಾರೆ. ಗಂಡನಿಗೆ ಹೆಡ್‌ಫೋನ್ ತಾವೇ ತೊಡಿಸುತ್ತಾರೆ. ಅವರ ಹಿಂದೆ ಹೋಗಿ, ಬೆನ್ನಿಗೆ ಬೆನ್ನು ಕೊಟ್ಟು, ಕಾಲೂರಿ ನಿಲ್ಲುತ್ತಾರೆ.

"ಇನ್ನೊಂದೇ ಸಲ. ನಾನು ಇಲ್ಲೇ ನಿಂತಿರ್ತೇನೆ, ಬೆನ್ನಿ. ಹಿಂದೆ ಬಾ ನೋಡುವ!" ಗಂಡನನ್ನು ಮನೆಯ ಮುದ್ದಿನ ಹೆಸರಿನಿಂದ ಕರೆದು ಕೊಂಕಣಿಯಲ್ಲಿ ಗದರಿದ್ದು ಗಾಜಿನ ಈಚೆಗೂ ಸ್ಪಷ್ಟವಾಗಿ ಕೇಳುತ್ತದೆ.

ಹರಿಣಾಕ್ಷಿ ಗುಂಡಿ ಒತ್ತುತ್ತಾರೆ. ಹಾಡು ಶುರುವಾಗುತ್ತದೆ, ಏರುತ್ತದೆ. ಪಾಯ್ಸ್ ಅವರ ಕಾಲು ಹಿಂದೆ ಸರಿಯಲು ಹೊರಟು ಹೆಂಡತಿಯ ಹಿಮ್ಮಡಿಗೆ ತಾಗಿ ನಿಲ್ಲುತ್ತದೆ. ಹೋಗಲು ಜಾಗವಿಲ್ಲ. ಆಗ ಆ ಕರೆ ಹೊರಟಿತು. ಹೇಗಿತ್ತೆಂದು ಬರೆಯಲು ನನಗೆ ಬರುವುದಿಲ್ಲ, ಸಿಸಿಲಿಯಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು ಎಂದಷ್ಟೇ ಹೇಳಬಲ್ಲೆ. ಕೊನೆಯಲ್ಲಿ ದನಿ ಸೀಳಿತು, ಆದರೆ ನಿಲ್ಲಲಿಲ್ಲ. ಆ ಸೀಳಿಗೆ ಕಂಪ್ಯೂಟರಿನಲ್ಲಿ ತೇಪೆ ಹಾಕಬಹುದು ಎಂದು ಹರಿಣಾಕ್ಷಿ ಹೇಳಿದಾಗ ಪಾಯ್ಸ್ ಬೇಡವೆಂದು ತಲೆಯಾಡಿಸಿದರು. ಆಪರೇಷನ್ ಆಗುವವರೆಗೆ ಬಾಯಿ ತೆರೆಯುವ ಹಕ್ಕು ಅಲ್ಲಿಗೆ ಮುಗಿದಿತ್ತು.

ಏಸಿ ಹಾಕಿ, ಕಂಬಳಿ ಸರಿಸಿ ಬಾಗಿಲು ತೆಗೆದರೆ ಎದುರಿಗೆ ಕಟ್ಟಡದ ಕಾವಲುಗಾರ ಅಲಿಕುಂಞಿ. ಮಂಜೇಶ್ವರದವರು. ಓಡಿಬಂದು ಏದುಸಿರು ಬಿಡುತ್ತಿದ್ದಾರೆ.

"ಎಂತ ಹರಿಣಾಕ್ಷಿಯಕ್ಕ ಇದು, ಯಾರದ್ದು ಬೊಬ್ಬೆ? ಮೇಲಿನ ಫ್ಲಾಟಿನವರು ಫೋನ್ ಮಾಡಿ ಕಂಪ್ಲೇಂಟ್ ಕೊಟ್ಟಿದ್ದಾರೆ."

ಹರಿಣಾಕ್ಷಿ ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಸಿಸಿಲಿಯಾ ಕಣ್ಣೊರೆಸಿಕೊಂಡು ಮುಂದೆ ಬರುತ್ತಾರೆ.

"ಬೊಬ್ಬೆ ಅಲ್ಲ, ನನ್ನ ಗಂಡ ಹಾಡಿದ್ದು," ಎಂದವರೇ ಪಾಯ್ಸ್ ಅವರ ಕಡೆ ತಿರುಗುತ್ತಾರೆ. "ಕೇಳಿತಾ ಬೆನ್ನಿ? ಜೋರಾಯ್ತಂತೆ!"