ಗ್ರೇಸಬಾಯಿಯ ಮೂರು ದಿನದ ಗುಳಿಗೆ

ಭಾಲ್ಕಿಯಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿ ದುಡಿದು, ಬೀದರಿಗೆ ಬಂದು ನೆಲೆಸಿದ ಗ್ರೇಸಬಾಯಿಗೆ ನಿವೃತ್ತಿ ಎಂಬುದು ಹೆಸರಿಗಷ್ಟೇ. ಓಣಿಯಲ್ಲಿ ಯಾರಿಗೆ ಜ್ವರ ಬರಲಿ, ಯಾರ ಬೆರಳು ಕೊಯ್ದುಹೋಗಲಿ, ಮೊದಲು ನೆನಪಾಗುತ್ತಿದ್ದವಳು ಅವಳೇ. “ಸಿಸ್ಟರಬಾಯಿ ಕೈಗುಣ ದೊಡ್ಡದದರಿ” ಎಂದು ಎದುರುಮನೆಯ ಖತೀಜಾ ಬೇಗಂ ಬಂದವರೆದುರಿಗೆಲ್ಲ ಹೊಗಳುವರು. ಹೊಗಳಿಕೆ ಯಾರಿಗೆ ಬೇಡ ಹೇಳಿ! ಒಬ್ಬರ ಮನೆಯಲ್ಲಿ ಉಳಿದ ಆ್ಯಂಟಿಬಯಾಟಿಕ್ ಗುಳಿಗೆ ಇಸಿದುಕೊಂಡು ಇನ್ನೊಬ್ಬರಿಗೆ ಕೊಡುವಳು. ಮೂರು ದಿನ, ಅಷ್ಟೇ. “ಗಾಯ ಒಣಗಿದ ಮ್ಯಾಲ ಗುಳಿಗಿ ಯಾಕ ಹಾಳ ಮಾಡ್ತೀರಿ? ಇಟ್ಟರ ಮತ್ತೊಬ್ಬರಿಗಿ ಆಗ್ತಾವ” ಎನ್ನುವಳು.

ಔಷಧಿ ಸಿಗದೆ ಗೋಳಾಡಿದ ಬಡವರನ್ನು ವಾರ್ಡಿನಲ್ಲಿ ಕಣ್ಣಾರೆ ಕಂಡವಳು. ಒಂದು ಗುಳಿಗೆ ಬಿಸಾಡಲೂ ಅವಳ ಜೀವ ಒಪ್ಪದು. ಹಾಗಂತ ಪೂರ್ತಿ ಕೋರ್ಸು ನುಂಗಬೇಕೆಂಬುದು ಅವಳಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ ಮಾಡಿದಳು, ನನ್ನ ಸಿಟ್ಟು ಅದಕ್ಕೇ.

ಮಕ್ಕಳಿಲ್ಲದ ಆ ಮನೆಯಲ್ಲಿ ಗಂಡ ಬರ್ನಬಾಸ ಮಾಸ್ತರರ ಹಿಂದೆಮುಂದೆ ಸುತ್ತುತ್ತಿದ್ದುದು ಮೋತಿ ಎಂಬ ನಾಯಿ. ಅದರ ಕಿವಿ ಸೋರತೊಡಗಿದಾಗ, ಇಷ್ಟಕ್ಕೆಲ್ಲ ಪಶುವೈದ್ಯರೇಕೆ ಎಂದು ಗ್ರೇಸಬಾಯಿ ಮನುಷ್ಯರ ಗುಳಿಗೆಯನ್ನೇ ಅರ್ಧ ಮುರಿದು ರೊಟ್ಟಿಯಲ್ಲಿಟ್ಟು ತಿನ್ನಿಸಿದಳು. ಮೂರು ದಿನಕ್ಕೆ ಕಿವಿ ಒಣಗಿತು, ನಿಲ್ಲಿಸಿದಳು. ತಿಂಗಳಿಗೆ ಮತ್ತೆ ಸೋರಿತು, ಮತ್ತೆ ಮೂರು ದಿನ. ಹೀಗೆ ವರ್ಷವೇ ಕಳೆಯಿತು. ಅಷ್ಟರಲ್ಲಿ ಸಕ್ಕರೆ ಕಾಯಿಲೆಯ ಮಾಸ್ತರರ ಎಡಗಾಲಿಗೆ ಚಪ್ಪಲಿ ಕಚ್ಚಿ ಹುಣ್ಣಾಯಿತು. ಮೋತಿ ಅವರ ಕಾಲ ಬಳಿಯೇ ಮಲಗುವುದು, ಹುಣ್ಣು ಕಂಡರೆ ನೆಕ್ಕುವುದು. ನಾಯಿಯ ಕಿವಿಯ ಕೂದಲು ಕತ್ತರಿಸಿದ ಕತ್ತರಿಯಿಂದಲೇ ಗ್ರೇಸಬಾಯಿ ಗಂಡನ ಪಟ್ಟಿ ಬಿಚ್ಚಿದ ದಿನಗಳೂ ಉಂಟು. ಮನೆಯ ನಾಯಿ ತಾನೆ ಎಂಬ ಸಲಿಗೆ. ಅವರ ಹುಣ್ಣಿಗೂ ಮೂರು ದಿನದ ಗುಳಿಗೆಯೇ ಆಯಿತು.

ಪಾದ ಬಾತು ಕಪ್ಪಾದಾಗ ಮಾಸ್ತರರನ್ನು ಆಸ್ಪತ್ರೆಗೆ ಸೇರಿಸಿದರು. ಕೀವು ಪರೀಕ್ಷೆಯ ಕಾಗದ ಬಂತು. ಹದಿನಾಲ್ಕು ಔಷಧಿಗಳ ಹೆಸರಿದ್ದವು. ಹನ್ನೆರಡು ಆ ರೋಗಾಣುವಿಗೆ ನಾಟುವುದಿಲ್ಲ ಎಂದಿತ್ತು. ಉಳಿದೆರಡನ್ನು ಮಾಸ್ತರರ ಮೂತ್ರಪಿಂಡ ತಾಳದು. ಕಾಲು ಉಳಿಯುವುದು ಕಷ್ಟ ಎಂದರು ಡಾಕ್ಟರು. ಗ್ರೇಸಬಾಯಿಗೆ ಮೋತಿಯ ಸೋರುವ ಕಿವಿ ನೆನಪಾಯಿತು. ಪಶುವೈದ್ಯ ಅಮಿತಕುಮಾರರನ್ನು ಕರೆಸಿ ಮೋತಿಯ ಕಿವಿಯ ಕೀವನ್ನೂ ಪರೀಕ್ಷೆಗೆ ಕೊಟ್ಟಳು. ಅದೇ ರೋಗಾಣು, ನಾಟದ ಔಷಧಿಗಳೂ ಅವೇ ಹನ್ನೆರಡು.

“ಯಾರಿಂದ ಯಾರಿಗಿ ಬಂತು ಅಂತ ಹೇಳ್ಲಾಕ ಬರಲ್ರಿ ಸಿಸ್ಟರ್” ಎಂದರು ಅಮಿತಕುಮಾರ. “ನಾಯಿಂದ ಮಾಸ್ತರಿಗಿ ಬಂದಿರಬಹುದು, ಮಾಸ್ತರಿಂದ ನಾಯಿಗಿ ಹೋಗಿರಬಹುದು. ಆದ್ರ ಅರ್ಧಮರ್ಧ ಗುಳಿಗಿ ಕೊಟ್ಟು ಕೊಟ್ಟೇ ಇದು ಹಿಂಗ ಗಟ್ಟಿ ಆಗ್ತದ. ಯಾರು ಕೊಡ್ತಿದ್ರಿ?”

ಗ್ರೇಸಬಾಯಿ ಬಾಯಿ ಬಿಡಲಿಲ್ಲ. ಗಂಡನಿಗೆ “ಮೋತಿಂದ ಬಂದದಂತರಿ” ಎಂದಳು. ಔರಾದ ಕಡೆ ಹೊಲ ಮಾಡಿಕೊಂಡಿದ್ದ ತಮ್ಮ ಪ್ರಿನ್ಸನನ್ನು ಕರೆಸಿ, “ನಾವು ದವಾಖಾನಿ ಅಲೀಲತ್ತೀವಿ, ಇದಕ್ಕ ನೋಡೋರಿಲ್ಲ, ಒಯ್ಯಿ” ಎಂದಷ್ಟೇ ಹೇಳಿ ನಾಯಿಯನ್ನು ಸಾಗಹಾಕಿದಳು. ಛೀ, ಮೂಕಪ್ರಾಣಿಯ ತಲೆಗೆ ಕಟ್ಟುವುದು ಎಷ್ಟು ಸುಲಭ!

ಮಾಸ್ತರರ ಎಡಗಾಲನ್ನು ಮೊಣಕಾಲ ಕೆಳಗೆ ಕತ್ತರಿಸಿದರು. ಎಂಟನೆಯ ದಿನ ಬೆಳಿಗ್ಗೆ ಅವಳು ಕುಡಿಸುತ್ತಿದ್ದ ಗಂಜಿ ನುಂಗುತ್ತ ಅವರು, “ಮೋತಿ ಮ್ಯಾಲ ನಂಗ ಸಿಟ್ಟೇ ಬರಲೊಲ್ದು ನೋಡು ಗ್ರೇಸ. ಪಾಪ, ಅದಕ್ಕೇನು ತಿಳೀತದ” ಎಂದರು.

ಗ್ರೇಸಬಾಯಿಗೆ ಇನ್ನು ತಡೆಯಲಾಗಲಿಲ್ಲ. ಚಮಚ ಕೆಳಗಿಟ್ಟು, ನಾಯಿಗೆ ಕೊಟ್ಟಿದ್ದು, ಅವರಿಗೆ ಕೊಟ್ಟಿದ್ದು, ಅಮಿತಕುಮಾರ ಕೇಳಿದಾಗ ಸುಮ್ಮನಿದ್ದದ್ದು, ಎಲ್ಲವನ್ನೂ ಹೇಳಿ ಬಿಕ್ಕಿ ಬಿಕ್ಕಿ ಅತ್ತಳು. ಮಾಸ್ತರರು ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಗಾಬರಿಯಿಂದ ಕೇಳಿದರು.

“ಪ್ರಿನ್ಸಗ ಹೇಳೀ ಏನ?”

“ಇಲ್ಲರಿ.”

“ಅವನ ಮನ್ಯಾಗ ಸ್ವೀಟಿ ಅದಾಳಲ್ಲ! ಆರು ವರ್ಷದ ಕೂಸು. ಮೊದಲ ಫೋನ್ ಮಾಡು!”

ಪ್ರಿನ್ಸ ಖುಷಿಯಲ್ಲೇ ಮಾತಾಡಿದ. “ಅಕ್ಕಾ, ಮೋತಿ ಆರಾಮ ಅದ. ನಮ್ಮ ಸ್ವೀಟಿ ಅದರ ಕೊಳ್ಳ ಬಿಡಲೊಲ್ಲಳು. ಹೋದ ವಾರ ಬಿದ್ದು ಮೊಣಕಾಲ ತರಚಿ ಕೀವ ಆಗಿತ್ತು. ಅಂಜಬ್ಯಾಡ, ಹಿಂದ ನನ್ನ ಗಾಯಕ್ಕ ನೀ ಕೊಟ್ಟಿದ್ರಾಗ ಉಳಿದ ಗುಳಿಗಿನೇ ಹಾಕೀನಿ. ಮೂರು ದಿನಕ್ಕ ಒಣಗ್ತು, ನಿಲ್ಲಿಸೀನಿ. ಈಗ ಮತ್ತ ಸ್ವಲ್ಪ ಬಾತದ, ಇನ್ನೂ ಮೂರು ದಿನ ಹಾಕ್ಲೇನು?”

ಮಾಸ್ತರರು ಫೋನಿಗೆ ಕೈ ಚಾಚಿದರು. ಗ್ರೇಸಬಾಯಿ ಕೊಡಲಿಲ್ಲ.

“ಪ್ರಿನ್ಸ, ಏನೂ ಹಾಕಬ್ಯಾಡ. ಮೋತಿಗಿ ದೂರ ಕಟ್ಟು, ಅದರ ಕಿವ್ಯಾಗೂ ಮಾಸ್ತರ ಕಾಲಿಂದೇ ರೋಗ ಅದ. ಹುಡುಗಿಗಿ ಎತ್ಗೊಂಡು ಈಗಿಂದೀಗ ಬೀದರಕ್ಕ ಬಾ. ಮಾಸ್ತರ ಕಾಲು ಹೋಗಿದ್ದು ಇದೇ ಗುಳಿಗಿಂದ. ಕೊಟ್ಟಾಕಿ ನಾನೇ.”

ಅತ್ತ ಪ್ರಿನ್ಸ “ಸ್ವೀಟಿ!” ಎಂದು ಕೂಗುತ್ತ ಅಂಗಳಕ್ಕೆ ಓಡಿದ. ಸ್ವೀಟಿ ಮೋತಿಯನ್ನು ಕೂಗುವುದು ಫೋನಿನಲ್ಲಿ ಕೇಳಿಸುತ್ತಿತ್ತು.