ನಕ್ಷೆಯ ಹಲಗೆಯ ಬಟ್ಟೆ

ಹೈದರಾಬಾದಿಗೆ ಹೈದರಾಬಾದೇ ಕಂಪ್ಯೂಟರಿಗೆ ಮುಗಿಬಿದ್ದ ಕಾಲ. ಕೂಕಟ್‌ಪಲ್ಲಿಯ ಪಂಪು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಶಿವಾನಂದರಿಗೂ ಒಂದು ಬಂತು. ಬೆಳಿಗ್ಗೆ ಪರದೆಯ ಮೇಲೆ ಸರಾಗವಾಗಿ ಓಡುತ್ತಿದ್ದ ನಕ್ಷೆಯ ಗೆರೆ ಮಧ್ಯಾಹ್ನಕ್ಕೆ ತೆವಳುತ್ತಿತ್ತು; ಆಮೇಲೆ ಪರದೆಯೇ ಕಲ್ಲಾಗುತ್ತಿತ್ತು. "ಮತ್ತ ಹ್ಯಾಂಗ್ ಆತು ನೋಡ್ರಿ, ದರಿದ್ರದ್ದು!" ಎಂದು ಸಾಫ್ಟ್‌ವೇರನ್ನು ಬೈದದ್ದೇ ಬೈದದ್ದು.

ರಿಪೇರಿಗೆ ಬಂದ ಬೀದರಿನ ಹುಡುಗಿ ಕೃಪಾ, ಕಂಪ್ಯೂಟರಿನ ಡಬ್ಬಿಗೆ ಹೊದಿಸಿದ್ದ ಮಸಿಕಲೆಯ ಬಟ್ಟೆಯನ್ನು ಎಳೆದಳು. ಡಬ್ಬಿ ಸುಡುತ್ತಿತ್ತು.

"ಇದನ್ಯಾಕ ಹೊಚ್ಚೀರಿ ಸರ್? ಇದಕ್ಕ ಗಾಳಿ ಬೇಕ್ರಿ."

ಮೊದಲೆಲ್ಲ ಹಲಗೆಯ ಮೇಲೆ ಕೈಯಿಂದ ನಕ್ಷೆ ಬರೆಯುತ್ತಿದ್ದಾಗ, ಮುಗಿದ ಭಾಗಕ್ಕೆ ಧೂಳು ಕೂರದಂತೆ ಬಟ್ಟೆ ಹೊದಿಸುವುದು ಶಿವಾನಂದರ ರೂಢಿ. ಅದೇ ಕೈ ಇದಕ್ಕೂ ಹೊದಿಸಿತ್ತು.

"ನನ್ನ ಹಲಗಿ ಎಂದೂ ಗಾಳಿ ಕೇಳಿದ್ದಿಲ್ಲ ನೋಡವಾ," ಎಂದರು.

ಆಮೇಲೆ ಕಂಪ್ಯೂಟರ್ ನಿಲ್ಲಲಿಲ್ಲ. ಶಿವಾನಂದರು ಮಾತ್ರ ಪ್ರತಿ ಸಂಜೆ, ಮೂಲೆ ಸೇರಿದ್ದ ಖಾಲಿ ಹಲಗೆಗೆ ಆ ಬಟ್ಟೆ ಹೊದಿಸಿಯೇ ಮನೆಗೆ ಹೊರಡುತ್ತಿದ್ದರು.